ಹೋದರೆ ಒಂದು ಟರ್ಮ್ ಪೂರ್ತಿ ಇರಿ

ಕೀನ್ಯಾದ ಮಿಷನ್ ಶಾಲೆಗಳಲ್ಲಿ ಎರಡು ವಾರ ಪಾಠ ಮಾಡಿ ಬನ್ನಿ ಎಂದು ಲೇಖನದಲ್ಲಿ ಕರೆ ಕೊಟ್ಟಿದ್ದೀರಿ. ಆಸೆ ಒಳ್ಳೆಯದೇ, ಆದರೆ ಎರಡು ವಾರ ಏನೂ ಸಾಲದು. ನೈರೋಬಿಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಕೊಳೆಗೇರಿ ಕಿಬೇರಾದ ಒಂದು ಚರ್ಚ್ ಶಾಲೆಗೆ ಹೋಗುತ್ತಿದ್ದೆ. ಮಕ್ಕಳು ಹೊಂದಿಕೊಳ್ಳುವಷ್ಟರಲ್ಲಿ ಹೊಸ ಟೀಚರ್ ಹೊರಟೇ ಬಿಡುತ್ತಿದ್ದರು. 2003ರಿಂದ ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಫೀಸಿಲ್ಲ, ನಿಜ. ಯೂನಿಫಾರಂಗೆ ದುಡ್ಡು ಬೇಕಲ್ವಾ? ಮಧ್ಯಾಹ್ನ ಮುಸುಕಿನ ಜೋಳ, ಬೀನ್ಸ್ ಕಾಳು ಬೇಯಿಸಿದ ಗಿಥೇರಿ ಕೊಡುತ್ತಿದ್ದರು. ಒಬ್ಬ ಹುಡುಗಿ ಅರ್ಧ ತಿಂದು, ಉಳಿದಿದ್ದನ್ನು ತಮ್ಮನಿಗೆಂದು ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳು.

ಆಗಸ್ಟ್‌ನಲ್ಲಿ ಅಲ್ಲಿ ಶಾಲೆಗೆ ರಜೆ, ಸುಮ್ನೆ ಆಗ ಹೋಗಬೇಡಿ. ಜನವರಿಗೆ ಹೋಗಿ, ಟರ್ಮ್ ಮುಗಿಯುವವರೆಗೂ ಇರಿ. ಸ್ವಾಹಿಲಿ ಬಲ್ಲ ಅಲ್ಲಿನ ಟೀಚರುಗಳೇ ಪಾಠ ಮಾಡಲಿ, ನೀವು ಓದಿನಲ್ಲಿ ಹಿಂದುಳಿದ ಮಕ್ಕಳ ಪಕ್ಕ ಕೂತು ಓದಿಸಿ. ವಿಮಾನದ ಖರ್ಚು ಜಾಸ್ತಿ ಅನ್ನಿಸಿದರೆ ಆ ಹಣವನ್ನು ಅಲ್ಲಿನ ಟೀಚರ್ ಸಂಬಳಕ್ಕೇ ಕಳಿಸಿ.