ಅಡ್ಡಿ ಇರುವುದು ಕಾನೂನಿನಲ್ಲಲ್ಲ, ಟೆಂಡರ್ ಷರತ್ತಿನಲ್ಲಿ

ನಿಮ್ಮ ಲೇಖನದಲ್ಲಿ, ಟೆಂಡರ್ ಕಾನೂನು ಇರುವವರೆಗೂ ಸರ್ಕಾರಿ ಕಚೇರಿಗಳು ಪರಿಸರಸ್ನೇಹಿ ವಸ್ತು ಕೊಳ್ಳಲು ಆಗುವುದಿಲ್ಲ, ಕಡಿಮೆ ದರದವರಿಗೇ ಕೊಡಬೇಕು ಎಂದು ಬರೆದಿದ್ದೀರಿ. ಇದನ್ನು ಒಪ್ಪಲಾರೆ. ನಮ್ಮ ರಾಜ್ಯದ 1999ರ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ ಸುಮ್ನೆ ಅಗ್ಗದ್ದನ್ನು ತಗೊಳ್ಳಿ ಎನ್ನುವುದಿಲ್ಲ. ಟೆಂಡರ್‌ನಲ್ಲಿ ಹೇಳಿದ ಮಾನದಂಡದ ಮೇಲೆ ತೂಗಿ, ಆಗ ಯಾರದು ಕಡಿಮೆಯೋ ಅವರಿಗೆ ಕೊಡಿ ಎನ್ನುತ್ತದೆ. ಆ ಮಾನದಂಡ ಬರೆಯುವವರು ಇಲಾಖೆಯವರೇ ಅಲ್ವಾ?

ಹಾಸನದ ಒಂದು ಕಚೇರಿಯ ಫ್ಯಾನನ್ನೇ ತೆಗೆದುಕೊಳ್ಳಿ. ಹಳೇ ಮಾದರಿಯದು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ವರ್ಷಕ್ಕೆ 2,000 ಗಂಟೆ ತಿರುಗಿದರೆ 90 ಯೂನಿಟ್ ಉಳಿಯಿತು. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 630 ರೂಪಾಯಿ. ಕೊಳ್ಳುವಾಗ ಜಾಸ್ತಿ ಕೊಟ್ಟದ್ದು ಎರಡು ಮೂರು ವರ್ಷದಲ್ಲಿ ವಾಪಸ್ ಬರುತ್ತದೆ. ಐದು ವರ್ಷದ ಕರೆಂಟ್ ಖರ್ಚನ್ನೂ ದರಕ್ಕೆ ಸೇರಿಸಿ ಹೋಲಿಸುತ್ತೇವೆ ಎಂದು ಟೆಂಡರ್‌ನಲ್ಲಿ ಒಂದು ಸಾಲು ಹಾಕಿದರೆ ಆಯಿತು.

ನೀವು ಮುಟ್ಟದೇ ಬಿಟ್ಟ ನಿಜವಾದ ತೊಡಕು ಬೇರೆ ಇದೆ. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಹಾಳೆಗೇನು ಬರವೇ? ಆದರೂ ನಮ್ಮೂರಿನ ಸರ್ಕಾರಿ ಕಾರ್ಯಕ್ರಮಗಳಲ್ಲಿ ಊಟ ಪ್ಲಾಸ್ಟಿಕ್ ಲೇಪನದ ತಟ್ಟೆಯಲ್ಲಿ! ಭಾರಿ ವಹಿವಾಟು ತೋರಿಸಿ, ಠೇವಣಿ ಕಟ್ಟಿ ಎಂದರೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕದವರು ಟೆಂಡರ್ ಬಾಗಿಲಿಗೂ ಬರುವುದಿಲ್ಲ. ಮೊದಲು ಆ ಷರತ್ತು ಸಡಿಲಿಸಲಿ. ಮುಂದಿನ ಲೇಖನದಲ್ಲಿ ದಯವಿಟ್ಟು ಇದನ್ನೇ ಕೇಳಿ.