ಹತ್ತಕ್ಕೆ ಹತ್ತು ಕೊಡಿ ಸರ್

ಕಾರು ತೆಗೆದುಕೊಳ್ಳಬೇಕು ಅಂತ ಹೊರಟವರು ಈಗ ಮೊದಲು ಮಾಡುವ ಕೆಲಸ ರೇಟಿಂಗ್ ಹುಡುಕುವುದು. ಪುಣೆಯ ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುವ ನಮ್ಮ ಧಾರವಾಡ, ಬೆಳಗಾವಿ ಹುಡುಗರು ನನಗೆ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸುತ್ತಲೇ ಇರುತ್ತಾರೆ. "ಮಾಮಾ, ಅಮೆರಿಕಾದ ಸರ್ವೇದಾಗ ಈ ಕಂಪನಿ ನಂಬರ್ ಒನ್ ಐತಿ, ತಗೊಳ್ಳಲೇನ್ರಿ?" ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನಾನು ಇರುವುದರಿಂದ ನನಗೆ ಎಲ್ಲಾ ಗೊತ್ತಿರುತ್ತದೆ ಅಂತ ಅವರ ಲೆಕ್ಕ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಕಾರು ಎಷ್ಟು ಕೆಡುತ್ತದೆ ಅಂತ ಮಾಲೀಕರನ್ನೇ ಕೇಳಿ ಮಾಡುವ ಈ ಸರ್ವೇಗಳು ಸುಳ್ಳಲ್ಲ. ಆದರೆ ಅವು ಅಳೆಯುವುದು ಮಾಲೀಕನಿಗೆ ಎಷ್ಟು ಸಿಟ್ಟು ಬಂತು ಅನ್ನುವುದನ್ನು. ಕಾರು ನಿಜವಾಗಿ ಎಷ್ಟು ಕೆಟ್ಟಿತು ಅನ್ನುವುದು ಆ ಸಿಟ್ಟಿನ ಒಳಗೆ ಎಲ್ಲೋ ಸೇರಿಕೊಂಡಿರುತ್ತದೆ. ಅದನ್ನು ಹೆಕ್ಕಿ ತೆಗೆಯಲು ಬಂದರೆ ಸರ್ವೇ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಸುಮ್ನೆ ಒಂದು ಪಟ್ಟಿ.

ಇವುಗಳಲ್ಲಿ ನಾನು ಜಾಸ್ತಿ ಮರ್ಯಾದೆ ಕೊಡುವುದು ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್‌ಗೆ. 1936ರಿಂದ ಇರುವ ಸಂಸ್ಥೆ. ಲಾಭಕ್ಕೆ ನಡೆಯುವುದಲ್ಲ, ಜಾಹೀರಾತು ಹಾಕುವುದಿಲ್ಲ, ಪರೀಕ್ಷೆಗೆ ಬೇಕಾದ ಕಾರನ್ನು ತಾನೇ ದುಡ್ಡು ಕೊಟ್ಟು ಕೊಳ್ಳುತ್ತದೆ. ವರ್ಷವರ್ಷ 3 ಲಕ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾರುಗಳ ಬಗ್ಗೆ ತನ್ನ ಸದಸ್ಯರಿಂದ ಮಾಹಿತಿ ತರಿಸಿಕೊಳ್ಳುತ್ತದೆ. ಇಷ್ಟೆಲ್ಲಾ ಸರಿ. ಆದರೆ ಅವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಹೀಗಿರುತ್ತದೆ: ಕಳೆದ 12 ತಿಂಗಳಲ್ಲಿ ಖರ್ಚು, ಸುರಕ್ಷತೆ, ಕೆಟ್ಟು ನಿಂತದ್ದು ಇಂಥ ಕಾರಣಕ್ಕೆ ನಿಮಗೆ ಗಂಭೀರ ಅನ್ನಿಸಿದ ತೊಂದರೆ ಏನಾದರೂ ಬಂತಾ? ಗಂಭೀರವೋ ಅಲ್ಲವೋ ತೀರ್ಮಾನ ಮಾಡುವವನು ಮಾಲೀಕ. ನಮ್ಮ ಸೊಸೈಟಿಯಲ್ಲೇ ಒಬ್ಬರಿದ್ದಾರೆ, ಡ್ಯಾಶ್‌ಬೋರ್ಡ್ ಕಿರ್ ಅಂದರೆ ಸಾಕು ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಅವರ ಎದುರು ಮನೆಯವರು ಕ್ಲಚ್ ಸುಟ್ಟ ವಾಸನೆ ಬಂದರೂ ಖಂಬಾಟಕಿ ಘಾಟ್ ಹತ್ತಿಸಿ, ಸಾತಾರಾ ದಾಟಿಸಿ, ಊರು ಮುಟ್ಟಿಸಿ, "ಗಾಡಿಗೇನೂ ಆಗಿಲ್ರೀ" ಅನ್ನುತ್ತಾರೆ. ಇಬ್ಬರದೂ ಒಂದೇ ಮಾಡೆಲ್. ಇಬ್ಬರೂ ಸರ್ವೇ ತುಂಬಿದರೆ ಏನಾಗುತ್ತದೆ ನೀವೇ ಊಹಿಸಿ.

ಇನ್ನೊಂದು ದೊಡ್ಡ ಹೆಸರು ಜೆ.ಡಿ. ಪವರ್. 1968ರಲ್ಲಿ ಶುರುವಾದದ್ದು. ಇದು ವ್ಯಾಪಾರಿ ಸಂಸ್ಥೆ. ಸರ್ವೇಯ ಮಾಹಿತಿಯನ್ನು ಕಾರು ಕಂಪನಿಗಳಿಗೇ ಮಾರುತ್ತದೆ. ಪ್ರಶಸ್ತಿ ಬಂದ ಕಂಪನಿ ಅದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳಬೇಕಾದರೆ ಶುಲ್ಕ ಕಟ್ಟಬೇಕು. ಹಾಗಂತ ಲೆಕ್ಕ ತಿದ್ದುತ್ತಾರೆ ಅಂತ ನಾನು ಹೇಳುತ್ತಿಲ್ಲ. ಕೆಲಸ ಅಚ್ಚುಕಟ್ಟಾಗಿಯೇ ಇರುತ್ತದೆ. ತೊಂದರೆ ಬೇರೆ ಕಡೆ ಇದೆ. ಅವರ ಒಂದು ಅಧ್ಯಯನ ಕಾರು ಕೊಂಡ ಮೊದಲ 90 ದಿನದ್ದು, ಇನ್ನೊಂದು 3 ವರ್ಷ ಆದ ಕಾರುಗಳದ್ದು. ಟಿವಿ ಜಾಹೀರಾತಿನಲ್ಲಿ ಟ್ರೋಫಿ ತೋರಿಸುವಾಗ ಇದು ಯಾವುದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. 90 ದಿನದಲ್ಲಿ ಯಾವ ಕಾರು ತಾನೇ ಕೆಡುತ್ತದೆ? ಅಲ್ಲಿ ಸಿಗುವುದು ಬ್ಲೂಟೂತ್ ಕೂಡಲಿಲ್ಲ, ಕಪ್ ಹೋಲ್ಡರ್ ಚಿಕ್ಕದು, ವಾಯ್ಸ್ ಕಮಾಂಡ್ ಅರ್ಥ ಮಾಡಿಕೊಳ್ಳಲ್ಲ, ಇಂಥವು.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಫೋರ್ಡ್ ಕಥೆ ನೋಡಿ. 2011ರಲ್ಲಿ ಆ 90 ದಿನದ ಪಟ್ಟಿಯಲ್ಲಿ ಫೋರ್ಡ್ 5ನೇ ಸ್ಥಾನದಿಂದ 23ಕ್ಕೆ ಬಿತ್ತು. ಒಂದೇ ವರ್ಷದಲ್ಲಿ ಎಂಜಿನ್ನುಗಳೆಲ್ಲಾ ಒಟ್ಟಿಗೆ ಹಾಳಾದವಾ? ಇಲ್ಲ. ದೊಡ್ಡ ಕಾರಣಗಳಲ್ಲಿ ಒಂದು ಹೊಸದಾಗಿ ಹಾಕಿದ ಟಚ್‌ಸ್ಕ್ರೀನ್ ವ್ಯವಸ್ಥೆ. ಜನರಿಗೆ ಅದನ್ನು ಬಳಸಲು ಬರಲಿಲ್ಲ, ಅದೂ ಆಗಾಗ ಹ್ಯಾಂಗ್ ಆಗುತ್ತಿತ್ತು. ಅದು ತೊಂದರೆಯೇ, ಒಪ್ಪುತ್ತೇನೆ. ಆದರೆ ರಾತ್ರಿ ಹೈವೇಯಲ್ಲಿ ಹೆಂಡತಿ ಮಕ್ಕಳ ಜೊತೆ ನಿಂತುಹೋಗುವ ತೊಂದರೆಯೂ, ಹಾಡು ಬದಲಾಗದ ತೊಂದರೆಯೂ ಪಟ್ಟಿಯಲ್ಲಿ ಒಂದೊಂದೇ ಗೀಟು. ನನಗೆ ಮೊದಲನೆಯದು ಮಾತ್ರ ಬೇಕು.

3 ವರ್ಷದ ಅಧ್ಯಯನವೂ ಅಷ್ಟೇ. 2025ರಲ್ಲಿ ಎಲ್ಲಾ ಕಂಪನಿಗಳ ಸರಾಸರಿ 100 ಕಾರಿಗೆ 202 ತೊಂದರೆ. ಎಲ್ಲರಿಗಿಂತ ಮೇಲಿದ್ದ ಲೆಕ್ಸಸ್‌ದು 140. ಕೇಳಿದರೆ ಭಾರಿ ಅಂತರ ಅನ್ನಿಸುತ್ತದೆ. ಒಂದು ಕಾರಿಗೆ ಭಾಗ ಮಾಡಿ ನೋಡಿ. ಒಂದರಲ್ಲಿ 2 ತೊಂದರೆ, ಇನ್ನೊಂದರಲ್ಲಿ ಒಂದೂವರೆಗೂ ಕಮ್ಮಿ. ಅದರಲ್ಲೂ ಹೆಚ್ಚು ಸಲ ಬಂದ ದೂರು ಫೋನನ್ನು ಕಾರಿಗೆ ಜೋಡಿಸುವುದರದ್ದು. ನಾಲ್ಕನೇ ಸ್ಥಾನ, ಒಂಬತ್ತನೇ ಸ್ಥಾನ ಅಂತ ನೀವು ಜಗಳ ಆಡುತ್ತೀರಲ್ಲ, ಅವುಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಎಷ್ಟೋ ಚಿಕ್ಕದು.

ಸ್ಯಾಂಪಲ್ ಲೆಕ್ಕವನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಒಂದು ಮಾಡೆಲ್ಲಿನ 100 ಮಾಲೀಕರನ್ನು ಕೇಳಿದಿರಿ, 10 ಜನ ಗೇರ್‌ಬಾಕ್ಸ್ ತೊಂದರೆ ಅಂದರು ಅಂತ ಇಟ್ಟುಕೊಳ್ಳಿ. ಎಲ್ಲಾ ಮಾಲೀಕರನ್ನೂ ಕೇಳಿದ್ದರೆ ಬರುತ್ತಿದ್ದ ನಿಜವಾದ ಸಂಖ್ಯೆ ನೂರಕ್ಕೆ ಸುಮಾರು 4ರಿಂದ 16ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಒಂದು ಕಾರಿಗೆ 8, ಇನ್ನೊಂದಕ್ಕೆ 12 ಬಂದಿದ್ದರೆ ಯಾವುದು ಉತ್ತಮ ಅಂತ ಹೇಳಲು ಬರುವುದಿಲ್ಲ. 8 ಮತ್ತು 40 ಬಂದಿದ್ದರೆ ಕಣ್ಣು ಮುಚ್ಚಿ ನಂಬಿ. ದೊಡ್ಡ ಅಂತರ ಸುಳ್ಳು ಹೇಳುವುದು ಕಮ್ಮಿ.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಅವಳಿ ಕಾರುಗಳ ವಿಷಯ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಸೇರಿ 1984ರಿಂದ ಒಂದು ಕಾರ್ಖಾನೆ ನಡೆಸುತ್ತಿದ್ದವು, ನುಮ್ಮಿ ಅಂತ. ಅಲ್ಲಿ ಟೊಯೋಟಾ ಕೊರೊಲ್ಲಾ ಬರುತ್ತಿತ್ತು, ಅದರ ಪಕ್ಕದಲ್ಲೇ ಜನರಲ್ ಮೋಟರ್ಸ್ ಮಾರುವ ಜಿಯೋ ಪ್ರಿಜ್ಮ್ ಅನ್ನುವ ಇನ್ನೊಂದು ಕಾರೂ ಬರುತ್ತಿತ್ತು. ಒಳಗಿನ ಯಂತ್ರ ಬಹುತೇಕ ಒಂದೇ, ಕೈಗಳೂ ಅವೇ. ಆದರೂ ಸೆಕೆಂಡ್‌ಹ್ಯಾಂಡ್ ಬಜಾರಿನಲ್ಲಿ ಪ್ರಿಜ್ಮ್‌ಗೆ ಬೆಲೆ ಕಮ್ಮಿ. ಜನ ಕೊಡುತ್ತಿದ್ದ ಜಾಸ್ತಿ ದುಡ್ಡು ಲಾಂಛನಕ್ಕೆ.

ನಮ್ಮಲ್ಲೂ ಇಂಥವಕ್ಕೆ ಬರವಿಲ್ಲ. ಮಾರುತಿಯ ಬಲೆನೋ ಮತ್ತು ಟೊಯೋಟಾದ ಗ್ಲಾನ್ಜಾ ಎರಡೂ ಗುಜರಾತಿನ ಸುಜುಕಿ ಕಾರ್ಖಾನೆಯ ಮಕ್ಕಳು. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ ಎರಡೂ ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯಿಂದ ಹೊರಬರುತ್ತವೆ. ಇಲ್ಲಿ ಚಾಕಣದಲ್ಲಿ ನಾನು ಶಿಫ್ಟ್ ಮುಗಿಸಿ ಬರುವ ದಾರಿಯಲ್ಲೇ ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಒಂದೇ ಗೇಟಿನಿಂದ ಟ್ರೇಲರ್ ಹತ್ತುತ್ತವೆ, ಟೈಗುನ್ ಮತ್ತು ಕುಶಾಕ್. ಆದರೆ ಕ್ಯಾಂಟೀನಿನಲ್ಲಿ ಕೂತು ಕೇಳಿ, "ಟೊಯೋಟಾ ತಗೋ, ಕಣ್ಣು ಮುಚ್ಚಿ ಓಡಿಸು" ಅನ್ನುವವರೇ "ಮಾರುತಿ ತಗಡು" ಅಂತಲೂ ಅನ್ನುತ್ತಾರೆ. ಅವರು ಹೇಳುತ್ತಿರುವುದು ಒಂದೇ ಕಾರಿನ ಬಗ್ಗೆ! ಇದೇ ಜನ ತಾನೇ ಸರ್ವೇ ತುಂಬುವುದು?

ಫಿಯೆಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ನೆನಪಿದೆಯಾ? ನಮ್ಮ ಪುಣೆಯ ಹತ್ತಿರ ರಂಜನಗಾವ್‌ನಲ್ಲಿ ತಯಾರಾಗುತ್ತಿತ್ತು, ಫಿಯೆಟ್ ಲೈಸೆನ್ಸ್ ತೆಗೆದುಕೊಂಡು ಮಾರುತಿಯೂ ಮಾಡುತ್ತಿತ್ತು. ಸ್ವಿಫ್ಟ್‌ನಲ್ಲಿ, ಇಂಡಿಕಾ ವಿಸ್ಟಾದಲ್ಲಿ, ಪುಂಟೋ, ಲಿನಿಯಾದಲ್ಲಿ, ಎಲ್ಲೆಲ್ಲೂ ಅದೇ. ದೇಶದ ರಾಷ್ಟ್ರೀಯ ಎಂಜಿನ್ ಅಂತ ತಮಾಷೆ ಮಾಡುತ್ತಿದ್ದೆವು. ಸ್ವಿಫ್ಟ್ ಡೀಸೆಲ್ ಇಟ್ಟುಕೊಂಡವರ ಬಾಯಲ್ಲಿ ಅದು ಚಿನ್ನದಂಥ ಎಂಜಿನ್. ಪುಂಟೋ ಇಟ್ಟುಕೊಂಡವರನ್ನು ಕೇಳಿದರೆ ಗಾಡಿ ಚೆನ್ನಾಗಿದೆ, ಆದರೆ ತಲೆನೋವು. ತಲೆನೋವು ಎಲ್ಲಿತ್ತು? ಸರ್ವಿಸ್ ಸೆಂಟರ್ ದೂರ, ಪಾರ್ಟ್ಸ್ ಬರಲು ತಡ. ಪಾರ್ಟ್ ಇವತ್ತು ಸಿಕ್ಕರೆ ಅದು ರಿಪೇರಿ, ಮೂರು ವಾರಕ್ಕೆ ಸಿಕ್ಕರೆ ಅದು ಕೆಟ್ಟ ಕಾರು. ಇದು ಮಾಲೀಕನ ಮಟ್ಟಿಗೆ ನ್ಯಾಯವೇ. ಆದರೆ ಅವನು ಅಂಕ ಕೊಟ್ಟದ್ದು ಸರ್ವಿಸ್ ಸೆಂಟರಿಗೆ, ಹೆಸರು ಕೆಟ್ಟದ್ದು ಕಾರಿಂದು.

ನಮ್ಮ ಕಾರ್ಖಾನೆಗೆ ವಾರಂಟಿಯಲ್ಲಿ ವಾಪಸ್ ಬರುವ ಪೆಟ್ಟಿಗೆಗಳನ್ನು ಬಿಚ್ಚುವಾಗ ಇದು ದಿನಾ ಕಾಣುತ್ತದೆ. ಒಂದು ಪವರ್ ವಿಂಡೋ ಮೋಟಾರ್ ಬರುತ್ತದೆ. ಕಟ್ಟಿರುವ ಟ್ಯಾಗಿನಲ್ಲಿ ಡೀಲರ್ ಕೈಬರಹ, "ಶಬ್ದ, ನಿಧಾನ". ಬೆಂಚಿಗೆ ಹಾಕಿ ಕರೆಂಟ್ ಕೊಟ್ಟರೆ ಮೋಟಾರ್ ಹೊಸದರ ಹಾಗೆ ತಿರುಗುತ್ತದೆ. ಆಂಪಿಯರ್ ಸರಿ, ವೇಗ ಸರಿ, ಶಬ್ದ ಇಲ್ಲ. ನಿಜವಾದ ತೊಂದರೆ ಬಾಗಿಲಿನ ರಬ್ಬರ್ ಚಾನೆಲ್‌ನಲ್ಲಿ ಧೂಳು ತುಂಬಿ ಗಾಜು ಬಿಗಿಯಾಗಿದ್ದು. ಒರೆಸಿ ಒಂದಿಷ್ಟು ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಮುಗಿಯುತ್ತಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಎನ್‌ಟಿಎಫ್ ಅನ್ನುತ್ತೇವೆ, ನೋ ಟ್ರಬಲ್ ಫೌಂಡ್. ಪೆಟ್ಟಿಗೆಯಲ್ಲಿ ಇಂಥವು ಕಮ್ಮಿ ಇರುವುದಿಲ್ಲ. ಆದರೆ ಆ ಮಾಲೀಕ ಸರ್ವೇಯಲ್ಲಿ ಬರೆಯುವುದು ಏನು? "ಪವರ್ ವಿಂಡೋ ಮೋಟಾರ್ ಹೋಯಿತು, ಬದಲಾಯಿಸಿದರು." ಅವನ ತಪ್ಪೇನಿಲ್ಲ, ಅವನಿಗೆ ಹೇಳಿದ್ದೇ ಅಷ್ಟು.

ನಿಜವಾದ ಲೆಕ್ಕ ಇರುವುದು ಕಂಪನಿಗಳ ಈ ವಾರಂಟಿ ಕಡತಗಳಲ್ಲಿ. ಯಾವ ಬ್ಯಾಚ್, ಎಷ್ಟು ಕಿಲೋಮೀಟರ್, ಯಾವ ಊರು, ಬಿಚ್ಚಿದಾಗ ಏನು ಸಿಕ್ಕಿತು, ಎಲ್ಲಾ ಇರುತ್ತದೆ. ಅದನ್ನು ಯಾರೂ ಹೊರಗೆ ಕೊಡುವುದಿಲ್ಲ. ಕೊಟ್ಟರೂ ವಾರಂಟಿ ಮುಗಿದ ದಿನಕ್ಕೆ ನಿಂತುಹೋಗುತ್ತದೆ, ಯಾಕೆಂದರೆ ಆಮೇಲೆ ಜನ ಮೂಲೆ ಗ್ಯಾರೇಜಿಗೆ ಹೋಗುತ್ತಾರೆ.

ಬಳಕೆಯೂ ಲೆಕ್ಕಕ್ಕೆ ಬರಬೇಕಲ್ವಾ? 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಅದು ತುಂಬಿದ ಮೇಲೆ ಬಿಸಿಯಾಗಿ ತನ್ನಷ್ಟಕ್ಕೆ ಸುಟ್ಟು ಖಾಲಿ ಆಗಬೇಕು, ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಬಾಣೇರ್‌ನಿಂದ ಹಿಂಜವಡಿಗೆ ಮೊದಲ ಗೇರು, ಎರಡನೇ ಗೇರು ಅಂತ ತೆವಳುವವನಿಗೆ ಡಿಪಿಎಫ್ ದೀಪ ಹತ್ತುತ್ತಲೇ ಇರುತ್ತದೆ. ವಾರವಾರ ಕೊಲ್ಹಾಪುರಕ್ಕೆ ಹೋಗಿಬರುವವನಿಗೆ ಹಾಗೊಂದು ದೀಪ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಅದೇ ಕಾರು, ಅದೇ ವರ್ಷ, ಒಬ್ಬ ಒಂದು ಸ್ಟಾರ್, ಒಬ್ಬ ಐದು ಸ್ಟಾರ್. ಸ್ಟಾರ್ ಅಂದಾಗ ನೆನಪಾಯಿತು, ಭಾರತ್ ಎನ್‌ಕ್ಯಾಪ್‌ನ ಐದು ಸ್ಟಾರ್ ಡಿಕ್ಕಿ ಆದಾಗ ಜೀವ ಉಳಿಸುವುದಕ್ಕೆ ಕೊಟ್ಟದ್ದು. ಗೇರ್‌ಬಾಕ್ಸ್ ಬಾಳಿಕೆಗೂ ಅದಕ್ಕೂ ಸಂಬಂಧ ಇಲ್ಲ. ದಯವಿಟ್ಟು ಬೆರೆಸಬೇಡಿ.

ಇನ್ನು ನಮ್ಮ ದೇಶದಲ್ಲಿ ಗ್ರಾಹಕರ ಅಭಿಪ್ರಾಯ ಅಂತ ಸಂಗ್ರಹ ಆಗುವುದು ಹೇಗೆ ಅಂತ ಎಲ್ಲರೂ ನೋಡಿದ್ದೇವೆ. ಸರ್ವಿಸ್ ಮುಗಿದು ಕೀ ಕೊಡುವಾಗ ಅಡ್ವೈಸರ್ ಹುಡುಗ ಪಕ್ಕಕ್ಕೆ ಕರೆಯುತ್ತಾನೆ. ಕೌಂಟರ್ ಮೇಲೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ. 10ರ ಎದುರು ಹಸಿರು ನಗುಮುಖ, 9ರಿಂದ ಕೆಳಗೆ ಎಲ್ಲಾ ಕೆಂಪು ಅಳುಮುಖ. "ಸರ್, ಎರಡು ದಿನದಲ್ಲಿ ಕಂಪನಿಯಿಂದ ಫೋನ್ ಬರುತ್ತದೆ. ಹತ್ತಕ್ಕೆ ಹತ್ತು ಕೊಡಿ ಸರ್. ಒಂಬತ್ತು ಕೊಟ್ಟರೂ ನನ್ನ ಇನ್ಸೆಂಟಿವ್ ಹೋಗುತ್ತದೆ. ಏನಾದರೂ ಬೇಜಾರಿದ್ದರೆ ನನಗೇ ಹೇಳಿ, ಫೋನಿನಲ್ಲಿ ಬೇಡ." ಹುಡುಗನ ಮುಖ ನೋಡಿ ನಾವು ಹತ್ತು ಅನ್ನುತ್ತೇವೆ. ಬೋನೆಟ್ ಒಳಗಿನ ಟಕಟಕ ಶಬ್ದ ಹಾಗೇ ಇರುತ್ತದೆ, ಅಂಕ ಮಾತ್ರ ಹತ್ತು. ಇಂಥ ಹತ್ತುಗಳನ್ನು ರಾಶಿ ಹಾಕಿ ಆಮೇಲೆ ಗ್ರಾಹಕರ ಮೆಚ್ಚುಗೆ ಅಂತ ಫಲಕ ಹಾಕುತ್ತಾರೆ. ಹೊಸ ಕಾರು ತೆಗೆದುಕೊಂಡು ಇನ್ನೂ ಇಎಂಐ ಕಟ್ಟುತ್ತಿರುವವನನ್ನು ಗಾಡಿ ಹೇಗಿದೆ ಅಂತ ಕೇಳುವುದೂ ಇಷ್ಟೇ, ಮದುವೆ ಊಟ ಹೇಗಿತ್ತು ಅಂತ ಹೆಣ್ಣಿನ ಅಪ್ಪನನ್ನು ಕೇಳಿದ ಹಾಗೆ.

ಜರ್ಮನಿಯವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ಅಲ್ಲಿ ಹೊಸ ಕಾರನ್ನು 3 ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯವಾಗಿ ತಪಾಸಣೆ ಮಾಡಿಸಬೇಕು, ಅದರ ಫಲಿತಾಂಶವನ್ನು ಟಿಯುವಿ ಅನ್ನುವ ತಪಾಸಣಾ ಸಂಸ್ಥೆ ಮಾಡೆಲ್‌ವಾರು ಪ್ರಕಟಿಸುತ್ತದೆ. ಎಡಿಎಸಿ ಅನ್ನುವ ವಾಹನ ಸವಾರರ ಸಂಘ, ದಾರಿಯಲ್ಲಿ ನಿಂತ ಕಾರಿಗೆ ಸಹಾಯಕ್ಕೆ ಹೋದಾಗಿನ ಲೆಕ್ಕ ಇಡುತ್ತದೆ. ಬ್ರಿಟನ್ನಿನಲ್ಲಿ 3 ವರ್ಷ ಆದ ಕಾರಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ, ಎಷ್ಟು ಓಡಿದೆ, ಯಾಕೆ ಫೇಲ್ ಆಯಿತು ಅನ್ನುವುದು ಯಾರು ಬೇಕಾದರೂ ನೋಡುವ ಹಾಗೆ ಸಿಗುತ್ತದೆ. ಇಲ್ಲಿ ಯಾರ ಸಿಟ್ಟೂ ಲೆಕ್ಕಕ್ಕೆ ಬರುವುದಿಲ್ಲ. ಇವೂ ಪೂರ್ತಿ ಶುದ್ಧ ಅಲ್ಲ. ಜಾಸ್ತಿ ಓಡಿದ ಕಾರು ಜಾಸ್ತಿ ಫೇಲ್ ಆಗುತ್ತದೆ. ಕಂಪನಿಯದೇ ಸಹಾಯವಾಣಿಗೆ ಫೋನ್ ಮಾಡಿದವನು ಎಡಿಎಸಿ ಪುಸ್ತಕಕ್ಕೆ ಬರದೇ ಹೋಗಬಹುದು. ಆದರೂ ಅಭಿಪ್ರಾಯಕ್ಕಿಂತ ಎಷ್ಟೋ ವಾಸಿ.

ನಮ್ಮಲ್ಲಿ ಖಾಸಗಿ ಕಾರಿಗೆ ಫಿಟ್‌ನೆಸ್ ಪರೀಕ್ಷೆ 15 ವರ್ಷ ಆದ ಮೇಲೆ. ಅಲ್ಲಿಯವರೆಗೆ ಪಿಯುಸಿ ಚೀಟಿ ಒಂದೇ. ನಮ್ಮ ಪುಣೆ ಕಡೆಯ ಎಂಎಚ್-12, ಎಂಎಚ್-14 ನಂಬರಿನ ಇಷ್ಟು ಲಕ್ಷ ಕಾರುಗಳು ಕಣ್ಣ ಮುಂದೆ ಓಡುತ್ತಿವೆ, ವಾಹನಗಳ ಪರೀಕ್ಷೆ, ಸಂಶೋಧನೆ ಮಾಡುವ ಎಆರ್‌ಎಐ ಸಂಸ್ಥೆ 1966ರಿಂದ ಇರುವ ಊರು ಇದು. ಆದರೂ ಏಳು ವರ್ಷ ಆದ ಯಾವ ಮಾಡೆಲ್ ಎಲ್ಲಿ ಸವೆಯುತ್ತದೆ ಅಂತ ಸಾಮಾನ್ಯ ಮನುಷ್ಯ ನೋಡಬಹುದಾದ ಒಂದು ಪಟ್ಟಿ ಇಲ್ಲ. ಇದು ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ.

ಹಾಗಾದರೆ ಏನು ನೋಡಬೇಕು ಅಂತ ಕೇಳುತ್ತೀರಿ. ಅಮೆರಿಕದ ಪಟ್ಟಿಯಲ್ಲಿ ಕಂಪನಿಯ ಹೆಸರು ನೋಡಿ ಇಲ್ಲಿ ಕಾರು ತೆಗೆದುಕೊಳ್ಳಬೇಡಿ, ನಾಲ್ಕು ಮೀಟರಿಗಿಂತ ಉದ್ದ ಕಮ್ಮಿ ಇರುವ ನಮ್ಮ ಚಿಕ್ಕ ಕಾರುಗಳು ಅಲ್ಲಿ ಇಲ್ಲವೇ ಇಲ್ಲ. ಯಾವ ಸರ್ವೇ ಆದರೂ ಒಟ್ಟು ಅಂಕ ಬಿಟ್ಟು ಎಂಜಿನ್, ಗೇರ್‌ಬಾಕ್ಸ್, ಕೂಲಿಂಗ್ ಅಂತ ಬಿಡಿಬಿಡಿಯಾಗಿ ಕೊಟ್ಟಿದ್ದರೆ ಅದನ್ನು ಓದಿ, ಅದೂ ಐದಾರು ವರ್ಷ ಹಳೆಯ ಕಾರಿನದ್ದು. ಒಂದೇ ಭಾಗದ ಬಗ್ಗೆ ವರ್ಷವರ್ಷ ಅದೇ ದೂರು ಬರುತ್ತಿದ್ದರೆ ಅದು ನಿಜ. ಹೊಚ್ಚ ಹೊಸ ಮಾಡೆಲ್ಲಿನ ಮೊದಲ ವರ್ಷ ತಪ್ಪಿಸಿ. ರೀಕಾಲ್ ಆಯಿತು ಅಂತ ಹೆದರಬೇಡಿ, 2021ರಲ್ಲಿ ಮಾರುತಿ 1,81,754 ಪೆಟ್ರೋಲ್ ಕಾರುಗಳನ್ನು ಒಂದು ಭಾಗ ಪರೀಕ್ಷಿಸಲು ವಾಪಸ್ ಕರೆಯಿತು. ಕರೆದು ಸರಿಮಾಡುವವನಿಗಿಂತ ಗೊತ್ತಿದ್ದೂ ಸುಮ್ಮನಿರುವವನು ಅಪಾಯ.

ಸ್ವಾರ್‌ಗೇಟ್‌ನಲ್ಲಿ ಟ್ಯಾಕ್ಸಿಯವರನ್ನೂ ಮಾತಾಡಿಸಿ, ಆದರೆ ಅವರ ಗಾಡಿ ದಿನವಿಡೀ ಬಿಸಿಯಾಗಿ ಓಡುವುದು, ನಿಮ್ಮದು ಕಿರಾಣಿ ಅಂಗಡಿಗೆ ಹೋಗಿಬರುವುದು ಅನ್ನುವುದು ತಲೆಯಲ್ಲಿರಲಿ. ಮೆಕ್ಯಾನಿಕ್ ಕೆಟ್ಟ ಕಾರನ್ನು ಮಾತ್ರ ನೋಡುತ್ತಾನೆ. ಹಾಗಾಗಿ ಅವನನ್ನು "ಯಾವ ಕಾರು ಒಳ್ಳೆಯದು" ಅಂತ ಕೇಳಬೇಡಿ. "ಈ ಕಾರಿನಲ್ಲಿ ಏನು ಹೋಗುತ್ತದೆ, ಎಷ್ಟಕ್ಕೆ ಆಗುತ್ತದೆ, ಪಾರ್ಟ್ ಎಷ್ಟು ದಿನಕ್ಕೆ ಬರುತ್ತದೆ" ಅಂತ ಕೇಳಿ. ಯಾವ ಸರ್ವೇಯಲ್ಲೂ ಸಿಗದ ಉತ್ತರ ಸಿಗುತ್ತದೆ.

ಕಾಮೆಂಟಿನಲ್ಲಿ ನಿಮ್ಮ ಗಾಡಿಯ ಬಗ್ಗೆ ಬರೆಯುವವರು ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಊರೊಳಗೋ ಹೈವೇಯೋ, ಏನೇನು ಬದಲಾಯಿಸಿದ್ದೀರಿ, ಇಷ್ಟು ಸೇರಿಸಿ ಬರೆಯಿರಿ. "ಸೂಪರ್ ಗಾಡಿ ಸರ್" ಅಂತ ಮಾತ್ರ ಬರೆದರೆ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತೇನೆ.