ದೇಣಿಗೆಗೆ ಮುನ್ನ ಒಂದು ಪ್ರಶ್ನೆ: ಒಳಗೆ ಬಂದ ನಾಯಿಗಳು ಎಲ್ಲಿಗೆ ಹೋದವು?

ಬೀದಿನಾಯಿಗಳ ರಕ್ಷಣೆಗೆ ಒಂದಿಷ್ಟು ಹಣ ಕೊಡಬೇಕೆಂದಿದ್ದೇನೆ, ಯಾವ ಸಂಸ್ಥೆಗೆ ಕೊಟ್ಟರೆ ಒಳ್ಳೆಯದು ಎಂದು ಸ್ನೇಹಿತರು ಆಗಾಗ ಕೇಳುತ್ತಿರುತ್ತಾರೆ. ಒಂದೆರಡು ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಇಂದು ಚೆನ್ನಾಗಿ ನಡೆಯುತ್ತಿರುವ ಸಂಸ್ಥೆ, ನುರಿತ ಪಶುವೈದ್ಯರೊಬ್ಬರು ಬಿಟ್ಟುಹೋದ ಕೆಲವೇ ತಿಂಗಳಲ್ಲಿ ದಿಕ್ಕೆಡಬಹುದಾದ ಕ್ಷೇತ್ರ ಇದು. ಹಾಗಾಗಿ ಹೆಸರುಗಳಿಗಿಂತ ನಾನು ಏನನ್ನು ನೋಡಿ ಕೊಡುತ್ತೇನೆ ಎಂಬುದನ್ನು ಹೇಳುವುದೇ ಹೆಚ್ಚು ಉಪಯುಕ್ತ ಎನಿಸಿತು. ನನ್ನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಒಂದೇ: ಕಳೆದ ವರ್ಷ ನಿಮ್ಮ ಗೇಟಿನೊಳಗೆ ಬಂದ ನಾಯಿಗಳು ಕೊನೆಗೆ ಎಲ್ಲಿಗೆ ಹೋದವು?

ಚರಂಡಿಯಿಂದ ಎತ್ತಿದ ಮರಿಯ, ಕುತ್ತಿಗೆಯಲ್ಲಿ ಹುಳ ಬಿದ್ದ ನಾಯಿಯ ವಿಡಿಯೊ ನೋಡಿದ ಕೂಡಲೇ ಹಣ ಕಳಿಸಿಬಿಡೋಣ ಎನ್ನಿಸುವುದು ಸಹಜ. ಆ ವಿಡಿಯೊ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಕಾಣುವುದು ಚಿಕಿತ್ಸೆಯ ಮೊದಲ ಅರ್ಧ ಗಂಟೆ ಮಾತ್ರ. ಜನನಾಂಗದ ಗಡ್ಡೆಯಿರುವ ನಾಯಿಗೆ ವಾರಕ್ಕೊಮ್ಮೆಯಂತೆ ಹಲವು ವಾರ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯ ಇಂಜೆಕ್ಷನ್ ಕೊಡಬೇಕಾಗುತ್ತದೆ. ವಾಹನ ಹರಿದು ಬೆನ್ನುಮೂಳೆ ಮುರಿದ ನಾಯಿ ಬದುಕಿದರೆ, ಅದು ಇರುವಷ್ಟು ಕಾಲ ದಿನಕ್ಕೆ ಹಲವು ಸಲ ಯಾರಾದರೂ ಅದರ ಹೊಟ್ಟೆ ಒತ್ತಿ ಮೂತ್ರ ಮಾಡಿಸಬೇಕು, ಮಲಗಿದಲ್ಲೇ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಇದನ್ನೆಲ್ಲ ಮಾಡುವ ಸಹಾಯಕರ ಸಂಬಳಕ್ಕೆ ದೇಣಿಗೆ ಬೇಡುವ ವಿಡಿಯೊ ನನ್ನ ಕಣ್ಣಿಗೆ ಬಿದ್ದಿದ್ದು ಬಹಳ ಕಡಿಮೆ.

ಒಳ್ಳೆಯ ಸಂಸ್ಥೆ ಮೇಲಿನ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರಿಸುತ್ತದೆ. ಇಷ್ಟು ನಾಯಿಗಳು ಗುಣವಾಗಿ ತಮ್ಮ ಬೀದಿಗೆ ಮರಳಿದವು, ಇಷ್ಟು ದತ್ತು ಹೋದವು, ಇಷ್ಟು ಸತ್ತವು, ಇಷ್ಟಕ್ಕೆ ದಯಾಮರಣ ಕೊಡಬೇಕಾಯಿತು, ಇಷ್ಟು ಇನ್ನೂ ನಮ್ಮಲ್ಲಿವೆ ಎನ್ನುತ್ತದೆ. ಆ ಅಂಕಿಗಳನ್ನು ಕೂಡಿದರೆ ಒಳಬಂದ ನಾಯಿಗಳ ಸಂಖ್ಯೆಗೆ ಹೊಂದಬೇಕು. ಸಾವಿನ ಕಾಲಂ ಖಾಲಿಯಿರುವ ವರದಿಯನ್ನು ನಾನು ನಂಬುವುದಿಲ್ಲ. ಡಿಸ್ಟೆಂಪರ್ ಎಂಬ ವೈರಾಣು ಕಾಯಿಲೆ ಮೆದುಳಿಗೇರಿದ ಮೇಲೆ ಬದುಕುವ ನಾಯಿಗಳು ಕಡಿಮೆ, ರೇಬೀಸ್ ಲಕ್ಷಣ ಕಾಣಿಸಿಕೊಂಡ ನಾಯಿಯಂತೂ ಉಳಿಯುವುದಿಲ್ಲ. ಗುಣವಾಗದ ಕಾಯಿಲೆಯ ನಾಯಿಗೆ ಪಶುವೈದ್ಯರ ಮೂಲಕ ದಯಾಮರಣ ಕೊಡಲು ನಿಯಮದಲ್ಲೇ ಅವಕಾಶವಿರುವಾಗ, ನಾವು ಯಾವ ನಾಯಿಗೂ ಎಂದೂ ಹಾಗೆ ಮಾಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು, ಹಾಗಾದರೆ ಆ ನಾಯಿಗಳು ಹೇಗೆ ಸಾಯುತ್ತವೆ ಎಂದು ಕೇಳಲೇಬೇಕು.

ಇದಕ್ಕೆ ಸೇರಿದ ಇನ್ನೊಂದು ಮಾತು, ಜಾಗದ್ದು. ಯಾರು ತಂದರೂ ತೆಗೆದುಕೊಳ್ಳುವ, ಇಲ್ಲ ಎನ್ನಲಾರದ ಶೆಲ್ಟರ್ ಹೊರಗಿನವರಿಗೆ ಕರುಣಾಮಯಿಯಾಗಿ ಕಾಣುತ್ತದೆ. ಆದರೆ ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಸಾಮಾನ್ಯ ಫಿನಾಯಿಲಿಗೆ ಸುಲಭವಾಗಿ ಬಗ್ಗುವಂಥದ್ದೂ ಅಲ್ಲ. ಕಾಲು ಮುರಿದುಕೊಂಡು ಬಂದ, ಲಸಿಕೆಯಿಲ್ಲದ ಮರಿಯನ್ನು ಕಿಕ್ಕಿರಿದ ಅಂಥ ಜಾಗಕ್ಕೆ ಬಿಟ್ಟರೆ, ಕಾಲು ಕೂಡಿಕೊಳ್ಳುವ ಮೊದಲೇ ಅದು ರಕ್ತಭೇದಿಯಾಗಿ ಸಾಯಬಹುದು. ಆದ್ದರಿಂದ ಹೊಸದಾಗಿ ಬಂದ ನಾಯಿಗಳನ್ನು ಬೇರೆಯಾಗಿ ಇಡುವ ಕೋಣೆ ಇದೆಯೇ, ಅದರ ಬಟ್ಟಲು ಪೊರಕೆಗಳು ಬೇರೆಯೇ ಇವೆಯೇ ಎಂಬುದನ್ನು ನಾನು ಬೋರ್ಡು, ಬ್ಯಾನರುಗಳಿಗಿಂತ ಮೊದಲು ನೋಡುತ್ತೇನೆ. ಇವತ್ತು ಜಾಗವಿಲ್ಲ, ದಯವಿಟ್ಟು ಅಲ್ಲಿಯೇ ಪ್ರಥಮ ಚಿಕಿತ್ಸೆ ಮಾಡಿಸಿ ಎಂದು ಫೋನಿನಲ್ಲಿ ಹೇಳುವ ಸಂಸ್ಥೆಯನ್ನು ಜನ ಜಾಲತಾಣಗಳಲ್ಲಿ ಬೈಯುತ್ತಾರೆ. ನನ್ನ ಗೌರವ ಅಂಥವರ ಮೇಲೆಯೇ ಹೆಚ್ಚು.

ಈ ವಿಚಾರ ಈಗ ಇನ್ನಷ್ಟು ತುರ್ತಾಗಿದೆ. ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ದೆಹಲಿ ಮತ್ತು ಅದರ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಶೆಲ್ಟರಿಗೆ ಸೇರಿಸಬೇಕೆಂದು ಆದೇಶಿಸಿ, ಆಗಸ್ಟ್ 22ರಂದು ಅದನ್ನು ಬದಲಿಸಿ, ರೇಬೀಸ್ ಶಂಕೆಯ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ ಮತ್ತು ಲಸಿಕೆಯ ನಂತರ ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡದೆ ಶೆಲ್ಟರಿಗೆ ಸಾಗಿಸಲು ದೇಶಕ್ಕೆಲ್ಲ ಸೂಚಿಸಿತು. ತೀರ್ಪಿನ ಸರಿ ತಪ್ಪುಗಳ ಚರ್ಚೆ ಇಲ್ಲಿ ಬೇಡ. ಶೆಲ್ಟರುಗಳ ಮೇಲೆ ಒತ್ತಡ ಹೆಚ್ಚಿದಷ್ಟೂ ಶೆಲ್ಟರಿನ ಹೆಸರಿನಲ್ಲಿ ಕೇಳುವ ದೇಣಿಗೆಯೂ ಹೆಚ್ಚುತ್ತದೆ ಎಂಬುದಷ್ಟೇ ನಮಗೆ ಇಲ್ಲಿ ಸಂಬಂಧಿಸಿದ್ದು.

ಸಂತಾನಹರಣ ಮಾಡುವ ಸಂಸ್ಥೆಗಳಿಗೆ ನಾನು ಹೆಚ್ಚಿನ ಪಾಲು ಕೊಡುತ್ತೇನೆ, ಏಕೆಂದರೆ ನಾಳೆ ಚರಂಡಿಗೆ ಬೀಳಬಹುದಾದ ಮರಿಗಳು ಹುಟ್ಟದಂತೆ ನೋಡಿಕೊಳ್ಳುವ ಕೆಲಸ ಅದೊಂದೇ. ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಲ್ಲೇ ಇದನ್ನು ಆರಂಭಿಸಿತು. ಜೈಪುರದ ಹೆಲ್ಪ್ ಇನ್ ಸಫರಿಂಗ್ ಸಂಸ್ಥೆ 1990ರ ದಶಕದ ಮಧ್ಯದಿಂದ ಎಂಟು ವರ್ಷ ಬಿಡದೆ ನಡೆಸಿದ ಸಂತಾನಹರಣ ಮತ್ತು ಲಸಿಕೆಯ ಕೆಲಸದಿಂದ ಆ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಸುಮಾರು ಶೇ 28ರಷ್ಟು ಇಳಿದು, ಮನುಷ್ಯರ ರೇಬೀಸ್ ಪ್ರಕರಣಗಳು ಇಲ್ಲವಾದ ದಾಖಲೆಯಿದೆ. ಆ ಸಂಸ್ಥೆಯನ್ನು ಕಟ್ಟಿದ ಕ್ರಿಸ್ಟಲ್ ರಾಜರ್ಸ್ ಅವರೇ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಯನ್ನು ಸ್ಥಾಪಿಸಿದರು. 2023ರ ಸಮೀಕ್ಷೆಯಲ್ಲಿ ಬೆಂಗಳೂರಿನ ಅಂದಿನ ಪಾಲಿಕೆ ಬಿಬಿಎಂಪಿಯ ವ್ಯಾಪ್ತಿಯಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇಷ್ಟನ್ನೂ ಸಾಕಬಲ್ಲ ಶೆಲ್ಟರ್ ಯಾರ ಕನಸಿನಲ್ಲೂ ಇಲ್ಲ.

ಆದರೆ ಇಲ್ಲೂ ಒಂದು ಸೂಕ್ಷ್ಮವಿದೆ. ಬೆಂಗಳೂರಿನಂಥ ಊರಿನಲ್ಲಿ ಸಂತಾನಹರಣಕ್ಕೆ ನಾಯಿಯೊಂದಕ್ಕೆ ಇಷ್ಟು ಎಂದು ಪಾಲಿಕೆಯೇ ಟೆಂಡರ್ ಮೂಲಕ ಹಣ ಕೊಡುತ್ತದೆ. ಅದೇ ಕೆಲಸಕ್ಕೆ ಸಾರ್ವಜನಿಕರಿಂದಲೂ ದೇಣಿಗೆ ಕೇಳುವವರು ಯಾವ ಖರ್ಚನ್ನು ಯಾವ ಹಣದಿಂದ ಭರಿಸುತ್ತಾರೆಂದು ಹೇಳಬೇಕಾಗುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಈ ಕೆಲಸಕ್ಕೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತಾ ಪತ್ರವೂ ಬೇಕು. ಅದನ್ನು ತೋರಿಸಲು ಹಿಂದೆಮುಂದೆ ನೋಡುವವರಿಗೆ ನಾನು ಕೊಡುವುದಿಲ್ಲ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೇಣಿಗೆಗೆ ಸಿಗುವ, 80ಜಿ ಎಂದೇ ಪರಿಚಿತವಾದ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ, ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದೂ ಇಲ್ಲ. ಆ ನೋಂದಣಿ ಇದೆಯೆಂದ ಮಾತ್ರಕ್ಕೆ ನಾಯಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಅರ್ಥವಲ್ಲ. ಯಾವ ನೋಂದಣಿಯೂ ಇಲ್ಲದೆ, ಸ್ವಂತ ಸಂಬಳದಲ್ಲಿ ಬಡಾವಣೆಯ ನಾಯಿಗಳಿಗೆ ಅನ್ನ, ಲಸಿಕೆ, ಡ್ರೆಸ್ಸಿಂಗ್ ಮಾಡಿಸುವವರು ಪ್ರತಿ ಊರಿನಲ್ಲೂ ಇದ್ದಾರೆ, ಅವರಲ್ಲಿ ಬಹುಪಾಲು ಹೆಂಗಸರು. ಅಂಥವರಿಗೆ ನೆರವಾಗಬೇಕೆನಿಸಿದರೆ ಚಿಕಿತ್ಸೆ ನಡೆದ ಕ್ಲಿನಿಕ್ಕಿಗೆ ಫೋನ್ ಮಾಡಿ, ಬಿಲ್ಲಿನ ಹಣವನ್ನು ನೇರವಾಗಿ ಅಲ್ಲಿಗೇ ಕಟ್ಟುವುದು ಇಬ್ಬರಿಗೂ ಮುಜುಗರವಿಲ್ಲದ ದಾರಿ.

ಹೊರದೇಶದಲ್ಲಿರುವ ಕನ್ನಡಿಗರು ಗಮನಿಸಬೇಕಾದದ್ದು ಇಷ್ಟು: ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು ನಿಮ್ಮ ಉಳಿತಾಯದಿಂದ ಕೊಟ್ಟರೆ ಅದನ್ನು ವಿದೇಶಿ ದೇಣಿಗೆಯೆಂದು ಪರಿಗಣಿಸುವುದಿಲ್ಲ, ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯಿರುವ ಸಂಸ್ಥೆಗೆ ಮಾತ್ರ, ಅದೂ ಅದಕ್ಕೆಂದೇ ಇರುವ ಖಾತೆಗೆ ಕಳಿಸಬೇಕು. ತಪ್ಪು ಖಾತೆಗೆ ಹೋದ ಹಣದಿಂದ ತೊಂದರೆಗೆ ಸಿಲುಕುವುದು ಸಂಸ್ಥೆ.

ಹಣವನ್ನು ನಾನು ಒಂದು ನಿರ್ದಿಷ್ಟ ನಾಯಿಯ ಹೆಸರಿನಲ್ಲಿ ಕೊಡುವುದಿಲ್ಲ, ತಿಂಗಳಿಗಿಷ್ಟು ಎಂದು ಸಾಮಾನ್ಯ ಖರ್ಚಿಗೆ ಕೊಡುತ್ತೇನೆ. ಚೆಂದದ ಮರಿಯ ಹೆಸರಿಗೆ ಬಿಲ್ಲಿಗಿಂತ ಹೆಚ್ಚು ಹಣ ಬಂದು ಬೀಳುತ್ತದೆ. ಕಜ್ಜಿ ಹತ್ತಿ ಕೂದಲುದುರಿದ ಮುದಿ ನಾಯಿಗೆ, ನೀರಿನ ಟ್ಯಾಂಕರಿಗೆ, ರಾತ್ರಿ ಪಾಳಿಯ ಸಹಾಯಕನ ಪಗಾರಕ್ಕೆ ಯಾರೂ ಪ್ರಾಯೋಜಕರಿರುವುದಿಲ್ಲ.